ಒಲೆ ಮುಂದೆ ನಿಲ್ಲದೆ ಬೆಳಗ್ಗೆ ಬಿಸಿ ಓಟ್ಸ್ ಮಾಡೋದು ಹೇಗೆ?

ನಿಟುವಳ್ಳಿ ಟೀಚರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮ ಅಪ್ಪಾಜಿಗೆ ಎಪ್ಪತ್ತನಾಲ್ಕು ವರ್ಷ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟ್ರಾಲ್ ಜಾಸ್ತಿ ಇದೆ ಅಂತ ಗೊತ್ತಾಯಿತು. ಬೆಳಗಿನ ತಿಂಡಿಗೆ ಓಟ್ಸ್ ಕೊಟ್ಟು ನೋಡಿ ಅಂದರು ಡಾಕ್ಟರ್. ಮೇಲಿನ ಸಾಲಿಗೆ ಹಲ್ಲಿನ ಸೆಟ್ ಹಾಕಿಸಿದ್ದೇವೆ, ಹಾಗಾಗಿ ಮೆತ್ತಗಿನದೇ ಬೇಕು. ಅಪ್ಪಾಜಿ ಹತ್ತಿ ಗಿರಣಿಯಲ್ಲಿ ದುಡಿದವರು. ಬೆಳಗಿನ ಪಾಳಿಗೆ ಹೋಗೋ ಮುಂಚೆ ಬಿಸಿ ತಿಂಡಿ ತಿಂದೇ ಹೊರಡುತ್ತಿದ್ದರು. ಇವತ್ತಿಗೂ ತಿಂಡಿ ಅಂದರೆ ಬಿಸಿ ಇರಬೇಕು, ಖಾರ ಇರಬೇಕು. ಒಗ್ಗರಣೆ ಮಂಡಕ್ಕಿ, ಜೊತೆಗೊಂದು ಮಿರ್ಚಿ, ಭಾನುವಾರ ಬೆಣ್ಣೆ ದೋಸೆ. ಈ ನಾಲಿಗೆಗೆ ಹಾಲು ಸಕ್ಕರೆ ಹಾಕಿದ ಓಟ್ಸ್ ಕೊಟ್ಟರೆ ಎರಡು ಚಮಚ ತಿಂದು ಬಟ್ಟಲು ಪಕ್ಕಕ್ಕಿಡುತ್ತಾರೆ. ಬೈಯೋದಿಲ್ಲ, ಬೇಡ ಅನ್ನೋದೂ ಇಲ್ಲ. ಸುಮ್ನೆ ಪಕ್ಕಕ್ಕಿಡುತ್ತಾರೆ. ನನಗೆ ಅದೇ ಬೇಜಾರು.

ಇನ್ನು ನನ್ನ ಕಥೆ. ನಾನು ಭರಮಸಾಗರದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್. ಏಳೂಮುಕ್ಕಾಲಿಗೆ ಬಸ್ ಸಿಕ್ಕರೆ ಮಾತ್ರ ಪ್ರಾರ್ಥನೆ ಹೊತ್ತಿಗೆ ಮುಟ್ಟುತ್ತೇನೆ. ಮನೆಯವರ ಕೆಲಸ ಹುಬ್ಬಳ್ಳಿಯಲ್ಲಿ, ಶನಿವಾರ ಬರುತ್ತಾರೆ. ಬೆಳಗ್ಗೆ ನಮ್ಮ ಎರಡು ಒಲೆಯ ಸ್ಟವ್ ಒಂದು ನಿಮಿಷ ಖಾಲಿ ಇರೋದಿಲ್ಲ. ಒಂದರ ಮೇಲೆ ಅನ್ನ ಬೇಳೆಯ ಕುಕ್ಕರ್, ಇನ್ನೊಂದರ ಮೇಲೆ ಮಗನ ಡಬ್ಬಿಗೆ ಚಪಾತಿ. ಇದರ ನಡುವೆ ಓಟ್ಸ್ ಇಟ್ಟರೆ ಅದನ್ನೇ ನೋಡುತ್ತಾ ನಿಲ್ಲಬೇಕು. ಕಣ್ಣು ಆಚೆ ಹೋದರೆ ಉಕ್ಕುತ್ತದೆ, ಇಲ್ಲಾ ತಳ ಹಿಡಿಯುತ್ತದೆ. ಮೊದಲೇ ಮಾಡಿಟ್ಟರೆ ಅಪ್ಪಾಜಿ ಸ್ನಾನ, ವಿಭೂತಿ, ಪೂಜೆ ಮುಗಿಸಿ ಬರೋ ಹೊತ್ತಿಗೆ ಗಟ್ಟಿ ಮುದ್ದೆಯಾಗಿ ಚಮಚ ಸಮೇತ ಎದ್ದು ಬರುತ್ತದೆ.

ಅಂಗಡಿಯಲ್ಲಿ ಎರಡು ತರಹ ತಂದಿದ್ದೇನೆ. ಒಂದರ ಮೇಲೆ ರೋಲ್ಡ್ ಅಂತಿದೆ. ಇನ್ನೊಂದು ಸ್ಟೀಲ್ ಕಟ್, ನೋಡೋಕೆ ನುಚ್ಚು. ಯಾವುದನ್ನು ಯಾವುದಕ್ಕೆ ಬಳಸಬೇಕು? ಮನೆಯಲ್ಲಿ ಕುಕ್ಕರ್ ಇದೆ, ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್ ಇದೆ, ನೀರು ಕಾಯಿಸೋ ಕರೆಂಟ್ ಕೆಟಲ್ ಇದೆ. ಮೈಕ್ರೋವೇವ್ ಇಲ್ಲ. ಅಪ್ಪಾಜಿ ಎಂಟು ಗಂಟೆಗೆ ತಾವೇ ಬಡಿಸಿಕೊಂಡು ಬಿಸಿಯಾಗಿ ತಿನ್ನೋ ಹಾಗೆ ಏನಾದರೂ ದಾರಿ ಇದೆಯಾ?


ದುರ್ಗದ ನರ್ಸಮ್ಮ, ಚಿತ್ರದುರ್ಗ

ಟೀಚರ್, ನಿಮ್ಮ ಹತ್ತಿರ ಫ್ಲಾಸ್ಕ್ ಇದೆ ಅಂದಮೇಲೆ ಅರ್ಧ ಕೆಲಸ ಮುಗಿಯಿತು ಅಂದುಕೊಳ್ಳಿ. ಓಟ್ಸ್‌ಗೆ ಬೆಂಕಿ ಬೇಕಿಲ್ಲ. ಕುದಿಯೋ ನೀರು ಬೇಕು, ಸ್ವಲ್ಪ ಹೊತ್ತು ಬೇಕು, ಅಷ್ಟೇ. ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಿಯಾದವಳು. ರಾತ್ರಿ ಡ್ಯೂಟಿಯ ವರ್ಷಗಳಲ್ಲಿ ಫ್ಲಾಸ್ಕೇ ನನ್ನ ಒಲೆ. ಆಮೇಲೆ ಹಲ್ಲಿಲ್ಲದ ನಮ್ಮ ಅತ್ತೆಯವರಿಗೂ ಅದರಲ್ಲೇ ಮಾಡಿ ಕೊಟ್ಟಿದ್ದೇನೆ.

ಮೊದಲು ಎರಡು ಪ್ಯಾಕೆಟ್ ವಿಷಯ. ರೋಲ್ಡ್ ಅಂದರೆ ಸಿಪ್ಪೆ ತೆಗೆದ ಕಾಳನ್ನು ಹಬೆಯಲ್ಲಿ ಬೇಯಿಸಿ, ರೋಲರಿನಲ್ಲಿ ಒತ್ತಿ ಚಪ್ಪಟೆ ಮಾಡಿದ್ದು. ಆಗಲೇ ಒಂದು ಸಲ ಹಬೆ ತಿಂದಿರೋದರಿಂದ ಬೇಗ ಮೆತ್ತಗಾಗುತ್ತದೆ. ಸ್ಟೀಲ್ ಕಟ್ ಅಂದರೆ ಅದೇ ಕಾಳನ್ನು ಕತ್ತರಿಸಿ ನುಚ್ಚು ಮಾಡಿದ್ದು. ಒಲೆ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಬೆಂದಮೇಲೂ ಹಲ್ಲಿಗೆ ಸಿಗುತ್ತದೆ. ಅಪ್ಪಾಜಿಗೆ ರೋಲ್ಡ್ ಇರಲಿ. ಸ್ಟೀಲ್ ಕಟ್ ನಿಮಗೂ ಮಗನಿಗೂ ಆಗುತ್ತದೆ. ಇನ್‌ಸ್ಟಂಟ್ ಅಂತ ಮೂರನೆಯದು ಬರುತ್ತದೆ. ಅದು ಇನ್ನೂ ತೆಳ್ಳಗೆ ಒತ್ತಿದ್ದು, ಬೇಗ ಅರಗಿ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ಮಸಾಲೆ ಹಾಕಿದ ಚಿಕ್ಕ ಪ್ಯಾಕೆಟ್‌ಗಳಲ್ಲಿ ಉಪ್ಪೂ ಜಾಸ್ತಿ. ಬಿಪಿ ಇರೋರ ಮನೆಗೆ ನಾನು ಅದನ್ನು ಹೇಳೋದಿಲ್ಲ.

ಈಗ ಮಾಡೋ ರೀತಿ. ಕೆಟಲ್‌ನಲ್ಲಿ ನೀರು ಕುದಿಸಿ. ಅದರಲ್ಲಿ ಒಂದು ಲೋಟ ಫ್ಲಾಸ್ಕಿಗೆ ಹಾಕಿ ಮುಚ್ಚಿ, ಐದು ನಿಮಿಷ ಬಿಟ್ಟು ಚೆಲ್ಲಿ. ಇದನ್ನು ಮಾತ್ರ ಬಿಡಬೇಡಿ. ತಣ್ಣಗಿರೋ ಫ್ಲಾಸ್ಕ್ ನೀರಿನ ಕಾವನ್ನೆಲ್ಲ ತಾನೇ ಹೀರುತ್ತದೆ, ಆಮೇಲೆ ಓಟ್ಸ್ ಅರೆಬರೆ ಬೇಯುತ್ತದೆ. ಫ್ಲಾಸ್ಕ್ ಕಾದಮೇಲೆ ಅರ್ಧ ಕಪ್ ರೋಲ್ಡ್ ಓಟ್ಸ್, ಚಿಟಿಕೆ ಉಪ್ಪು, ಒಂದೂಕಾಲು ಕಪ್ ಕುದಿಯುತ್ತಿರೋ ನೀರು. ಒಂದೇ ಸಲ ತಿರುವಿ ಬಿರಡೆ ಹಾಕಿ. ಇಪ್ಪತ್ತು ನಿಮಿಷಕ್ಕೆ ತಿನ್ನೋ ಹದ. ಅಪ್ಪಾಜಿ ಒಂದು ಗಂಟೆ ಬಿಟ್ಟು ತಿಂತಾರೆ ಅಂದರೆ ನೀರು ಒಂದೂವರೆ ಕಪ್ ಮಾಡಿ, ಇನ್ನೂ ಮೆತ್ತಗಾಗುತ್ತದೆ. ಉಕ್ಕೋದಿಲ್ಲ, ತಳ ಹಿಡಿಯೋದಿಲ್ಲ, ಒಲೆ ಮುಟ್ಟೋದೇ ಬೇಡ. ಕಂಠದವರೆಗೆ ತುಂಬಬೇಡಿ, ಎರಡು ಬೆರಳು ಜಾಗ ಇರಲಿ.

ಒಂದೇ ಸಲ ತಿರುವಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಓಟ್ಸ್‌ನಲ್ಲಿ ಬೀಟಾ ಗ್ಲೂಕನ್ ಅನ್ನೋ ನಾರಿನಂಶ ಇದೆ. ಬಿಸಿನೀರಿಗೆ ಬಿದ್ದರೆ ಅದು ಕರಗಿ ಲೋಳೆಯಾಗುತ್ತದೆ. ಸೌಟು ಆಡಿಸಿದಷ್ಟೂ ಲೋಳೆ ಜಾಸ್ತಿ, ತಣ್ಣಗಾದಷ್ಟೂ ಗಟ್ಟಿ. ನಿಮ್ಮ ಮನೆಯಲ್ಲಿ ಮುದ್ದೆಯಾಗಿದ್ದು ಅದಕ್ಕೇ. ಆದರೆ ಅಪ್ಪಾಜಿಗೆ ಬೇಕಾಗಿರೋದೂ ಅದೇ ಲೋಳೆ. ಕರುಳಿನಲ್ಲಿ ಅದು ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸಕ್ಕಾಗಿ ಲಿವರ್ ರಕ್ತದಲ್ಲಿರೋ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ನಮ್ಮ ದುರ್ಗದಿಂದ ನಿಮ್ಮ ದಾವಣಗೆರೆ ಬೇರೆ ಜಿಲ್ಲೆಯಾದ 1997ರಲ್ಲೇ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಒಪ್ಪಿ, ಓಟ್ಸ್ ಪ್ಯಾಕೆಟ್ ಮೇಲೆ ಹಾಗೆ ಬರೆಯಲು ಬಿಟ್ಟಿತು. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಅನ್ನೋದು ಅವರ ಲೆಕ್ಕ. ಅರ್ಧ ಕಪ್, ಅಂದರೆ ಸುಮಾರು 40 ಗ್ರಾಂ ಓಟ್ಸ್‌ನಲ್ಲಿ ಅದರ ಅರ್ಧದಷ್ಟು ಸಿಗುತ್ತದೆ. ಹಾಗಂತ ಡಾಕ್ಟರ್ ಮಾತ್ರೆ ಬರೆದಿದ್ದರೆ ಅದನ್ನು ಬಿಡಿಸಬೇಡಿ. ಇದು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ. ಮೊದಲ ವಾರ ಕಾಲು ಕಪ್ಪಿನಿಂದ ಶುರು ಮಾಡಿ. ನಾರು ದಿಢೀರ್ ಅಂತ ಜಾಸ್ತಿಯಾದರೆ ವಯಸ್ಸಾದವರಿಗೆ ಹೊಟ್ಟೆ ಉಬ್ಬರಿಸುತ್ತದೆ. ನೀರೂ ಚೆನ್ನಾಗಿ ಕುಡಿಯಲಿ.

ಇನ್ನು ಖಾರದ ವಿಷಯ. ಇದೇ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಜೀವನ ಪೂರ್ತಿ ಒಗ್ಗರಣೆ ತಿಂದವರಿಗೆ ಹಾಲು ಓಟ್ಸ್ ಕೊಟ್ಟರೆ ಅದು ಪಥ್ಯ ಅನ್ನಿಸುತ್ತದೆ. ಪಥ್ಯವನ್ನು ಯಾರೂ ತಿಂಗಳುಗಟ್ಟಲೆ ತಿನ್ನೋದಿಲ್ಲ. ಅದು ತಿಂಡಿ ಅನ್ನಿಸಬೇಕು. ಭಾನುವಾರ ಕೂತು ಒಂದು ಡಬ್ಬಿ ಮಾಡಿಡಿ. ಅರ್ಧ ಕೆಜಿ ರೋಲ್ಡ್ ಓಟ್ಸನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಬಣ್ಣ ಬದಲಾಗೋದು ಬೇಡ, ಘಮ ಬಂದರೆ ಸಾಕು. ಹುರಿದರೆ ಲೋಳೆಯೂ ಸ್ವಲ್ಪ ಕಡಿಮೆಯಾಗುತ್ತದೆ, ಬೆಂದಮೇಲೆ ಬಿಡಿಬಿಡಿ ಇರುತ್ತದೆ. ಅದನ್ನು ತೆಗೆದಿಟ್ಟು ಅದೇ ಬಾಣಲೆಗೆ ಎರಡು ಚಮಚ ಶೇಂಗಾ ಎಣ್ಣೆ, ಸಾಸಿವೆ, ಜೀರಿಗೆ, ಇಂಗು. ಕರಿಬೇವನ್ನು ಕೈಯಲ್ಲಿ ಹಿಡಿದರೆ ಪುಡಿಯಾಗೋವರೆಗೆ ಗರಿಗರಿ ಹುರಿಯಿರಿ. ಅದರಲ್ಲಿ ತೇವ ಉಳಿದರೆ ಡಬ್ಬಿಯೆಲ್ಲ ಮುಗ್ಗಲು ವಾಸನೆ ಬರುತ್ತದೆ. ಉರಿ ಆರಿಸಿ ಅರಿಶಿನ, ಕುಟ್ಟಿದ ಮೆಣಸು, ಅಚ್ಚಖಾರದ ಪುಡಿ, ಅಳತೆಯ ಉಪ್ಪು. ಓಟ್ಸ್ ಹಾಕಿ ಕಲಸಿ, ಪೂರ್ತಿ ಆರಿದಮೇಲೆ ಡಬ್ಬಿಗೆ ತುಂಬಿ. ಬೆಳಗ್ಗೆ ಈ ಡಬ್ಬಿಯಿಂದಲೇ ಅರ್ಧ ಕಪ್ ಫ್ಲಾಸ್ಕಿಗೆ, ಮೇಲೆ ಬಿಸಿನೀರು. ಉಪ್ಪು ಅದರಲ್ಲೇ ಇರುತ್ತದೆ, ಮತ್ತೆ ಹಾಕಬೇಡಿ. ಹಸಿಮೆಣಸಿನಕಾಯಿ, ಈರುಳ್ಳಿ ಡಬ್ಬಿಗೆ ಬೇಡ. ಬಡಿಸಿಕೊಂಡಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡರೆ ಆಯಿತು. ಇಡೀ ಶೇಂಗಾ ಹಾಕಬೇಡಿ, ಹಲ್ಲಿನ ಸೆಟ್ ಕೆಳಗೆ ಚೂರು ಸಿಕ್ಕಿ ಒಸಡು ನೋಯುತ್ತದೆ. ಗುರೆಳ್ಳು ಪುಡಿಯೂ ಚೆನ್ನಾಗಿರುತ್ತದೆ. ನಿಂಬೆಹಣ್ಣು ಹಿಂಡಿದರೆ ಒಗ್ಗರಣೆ ಮಂಡಕ್ಕಿಯ ರುಚಿಯ ಹತ್ತಿರ ಬರುತ್ತದೆ. ನಮ್ಮ ಅತ್ತೆ ಒಪ್ಪಿದ್ದು ಆ ನಿಂಬೆಹಣ್ಣಿಗೇ.


ವಿದ್ಯಾನಗರದ ರೂಮ್ ಹುಡುಗ

ನರ್ಸಮ್ಮನವರು ಹೇಳಿದ ಡಬ್ಬಿ ಈ ವಾರವೇ ಅಮ್ಮನ ಹತ್ತಿರ ಮಾಡಿಸಿಕೊಂಡು ಬರುತ್ತೇನೆ. ನಾನು ಕಾಲೇಜು ಓದುತ್ತಾ ರೂಮಿನಲ್ಲಿರೋನು. ಗ್ಯಾಸ್ ಇಲ್ಲ, ಕೆಟಲ್ ಒಂದೇ. ಅದರ ಬಗ್ಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ ಮೇಡಂ. ಕೆಟಲ್‌ನಲ್ಲಿ ನೀರು ಬಿಟ್ಟು ಬೇರೇನೂ ಹಾಕಬೇಡಿ. ಓಟ್ಸಾಗಲಿ ಹಾಲಾಗಲಿ ಅದರ ತಳಕ್ಕೆ ಅಂಟಿ ಸೀಯುತ್ತದೆ. ನೊರೆ ಉಕ್ಕಿ ಕೆಳಗಿನ ಕರೆಂಟ್ ಪ್ಲೇಟಿಗೆ ಇಳಿದರೆ ಅಪಾಯ. ನೀರು ಕುದಿಸೋದು ಕೆಟಲ್, ಬೇಯಿಸೋದು ಫ್ಲಾಸ್ಕ್ ಅಥವಾ ಮುಚ್ಚಳ ಇರೋ ಸ್ಟೀಲ್ ಡಬ್ಬಿ. ನಾನು ಡಬ್ಬಿಗೆ ಬಿಸಿನೀರು ಹಾಕಿ ಟವೆಲ್ ಸುತ್ತಿ ಇಡುತ್ತೇನೆ. ಸ್ನಾನ ಮಾಡಿ ಬರೋ ಹೊತ್ತಿಗೆ ಆಗಿರುತ್ತದೆ. ಫ್ಲಾಸ್ಕಿನಷ್ಟು ಬಿಸಿ ಉಳಿಯೋದಿಲ್ಲ, ಆದರೆ ತಕ್ಷಣ ತಿನ್ನೋದಾದರೆ ಸಾಕು.


ಹೊಸದುರ್ಗದ ರೈತ

ಎಲ್ಲರ ಮಾತೂ ಸರಿ. ಆದರೆ ಬೇಸರ ಮಾಡಿಕೊಳ್ಳಬೇಡಿ, ಒಂದು ಕೇಳುತ್ತೇನೆ. ನಮ್ಮ ಹೊಸದುರ್ಗದ ಹೊಲಗಳಲ್ಲಿ ಸಾಮೆ, ನವಣೆ ಬೆಳೆಯುತ್ತೇವೆ. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯದ ವರ್ಷ ಅಂತ ಸಾರಿತು. ಅಪ್ಪಾಜಿಯವರಿಗೆ ಸಾಮೆ ಗಂಜಿ ಯಾಕೆ ಬೇಡ? ಅವರ ಕಾಲದವರಿಗೆ ಪರಿಚಯದ ರುಚಿ. ರಾತ್ರಿ ನೆನೆಸಿಟ್ಟು ಬೆಳಗ್ಗೆ ಕುಕ್ಕರಿಗೆ ಹಾಕಿದರೆ ಬೆಣ್ಣೆಯಂತೆ ಬೇಯುತ್ತದೆ. ಪಾಲಿಶ್ ಮಾಡಿ ಬೆಳ್ಳಗಾದದ್ದು ತರಬೇಡಿ, ತೌಡು ಉಳಿದ ಮಬ್ಬು ಬಣ್ಣದ್ದು ತನ್ನಿ. ಬೆಳೆದವರ ಕೈಗೂ ನಾಲ್ಕು ಕಾಸು ಸೇರುತ್ತದೆ.


ದುರ್ಗದ ನರ್ಸಮ್ಮ, ಚಿತ್ರದುರ್ಗ

ಅಣ್ಣಾ, ನನ್ನ ತವರೂ ಹೊಸದುರ್ಗದ ಕಡೆಯೇ. ಸಾಮೆ ಅನ್ನ ತಿಂದೇ ಬೆಳೆದವಳು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಟೀಚರ್, ವಾರದಲ್ಲಿ ಎರಡು ದಿನ ಸಾಮೆ ಗಂಜಿ ಖಂಡಿತ ಮಾಡಿ, ಮೇಲೆ ಮಜ್ಜಿಗೆ ಹಾಕಿ ಕೊಡಿ. ಆದರೆ ಡಾಕ್ಟರ್ ಓಟ್ಸ್ ಅಂದಿದ್ದು ಆ ಬೀಟಾ ಗ್ಲೂಕನ್‌ಗಾಗಿ. ಅದು ಜಾಸ್ತಿ ಇರೋದು ಓಟ್ಸ್ ಮತ್ತು ಜವೆಗೋಧಿಯಲ್ಲಿ, ಅಂದರೆ ಬಾರ್ಲಿಯಲ್ಲಿ. ಸಾಮೆಗೆ ಬೇರೆ ಗುಣಗಳಿವೆ. ಒಂದರ ಬದಲಿಗೆ ಇನ್ನೊಂದು ಅಂತ ನೋಡೋದು ಬೇಡ. ಶ್ರಮದ ಲೆಕ್ಕದಲ್ಲೂ ಸಾಮೆ ತೊಳೆಯಬೇಕು, ಕಲ್ಲು ನೋಡಬೇಕು, ನೆನೆಸಬೇಕು. ಬಸ್ ಹಿಡಿಯೋ ದಿನ ಓಟ್ಸ್, ರಜೆಯ ದಿನ ಸಾಮೆ. ನಾನಾಗಿದ್ದರೆ ಹಾಗೆ ಮಾಡುತ್ತಿದ್ದೆ.


ನಿಟುವಳ್ಳಿ ಟೀಚರ್, ದಾವಣಗೆರೆ

ನರ್ಸಮ್ಮ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಭಾನುವಾರ ಡಬ್ಬಿ ಮಾಡಿದೆ. ಸೋಮವಾರ ಆರೂಮುಕ್ಕಾಲಿಗೆ ಫ್ಲಾಸ್ಕಿಗೆ ಹಾಕಿ, ಊಟದ ಮೇಜಿನ ಮೇಲೆ ಬಟ್ಟಲು, ಚಮಚ, ಚಟ್ನಿಪುಡಿ, ಹೋಳು ಮಾಡಿದ ನಿಂಬೆಹಣ್ಣು ಇಟ್ಟು ಹೊರಟೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ಮಾಡಿದೆ. ತಿಂದಿರಾ ಅಂತ ಕೇಳಿದರೆ, ‘ನಾಳೆ ಸ್ವಲ್ಪ ಜಾಸ್ತಿ ಹಾಕಮ್ಮ’ ಅಂದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ಇನ್ನು ಮೂರು ಕೇಳಬೇಕಿತ್ತು. ಸ್ಟೀಲ್ ಕಟ್ಟನ್ನೂ ಫ್ಲಾಸ್ಕಿಗೆ ರಾತ್ರಿಯೇ ಹಾಕಿ ಬೆಳಗ್ಗೆ ತಿನ್ನಬಹುದು ಅಂತ ನಮ್ಮ ಪಕ್ಕದ ಮನೆಯವರು ಹೇಳುತ್ತಾರೆ, ಹೌದಾ? ಮಗನಿಗೆ ಸಿಹಿಯೇ ಬೇಕು. ಹಾಲು ಓಟ್ಸ್ ಕುದಿಯುವಾಗ ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ, ಅದಕ್ಕೇನು ಮಾಡಲಿ? ಮತ್ತೆ ಫ್ಲಾಸ್ಕ್ ತೊಳೆಯೋದು. ಸಂಜೆ ಬಂದು ನೋಡಿದರೆ ಒಳಗೆಲ್ಲ ಅಂಟಿಕೊಂಡು ಒಣಗಿರುತ್ತದೆ, ಉಜ್ಜಿ ಉಜ್ಜಿ ಕೈ ಸೋಲುತ್ತದೆ.


ದುರ್ಗದ ನರ್ಸಮ್ಮ, ಚಿತ್ರದುರ್ಗ

ಜಾಸ್ತಿ ಹಾಕಮ್ಮ ಅಂದರಾ! ಓದಿ ಬಹಳ ಸಂತೋಷವಾಯಿತು.

ರಾತ್ರಿ ಫ್ಲಾಸ್ಕಿಗೆ ಹಾಕೋರು ಇದ್ದಾರೆ, ನಾನು ಮಾತ್ರ ಹೇಳೋದಿಲ್ಲ. ಬೇಯಿಸಿದ ಆಹಾರ 60 ಡಿಗ್ರಿಗಿಂತ ಕೆಳಗಿಳಿದು ಬೆಚ್ಚಗೆ ಕೂತರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒಳ್ಳೆಯ ಫ್ಲಾಸ್ಕ್ ಇಡೀ ರಾತ್ರಿ ಕಾವು ಹಿಡಿಯಬಹುದು, ಹಳೆಯದು ಹಿಡಿಯೋದಿಲ್ಲ. ನಿಮ್ಮದು ಯಾವ ತರಹ ಅಂತ ನೋಡಿದರೆ ಗೊತ್ತಾಗೋದಿಲ್ಲ. ಅದೂ ಹಾಲು ಹಾಕಿ ರಾತ್ರಿ ಇಡೋದಂತೂ ಬೇಡವೇ ಬೇಡ. ಸ್ಟೀಲ್ ಕಟ್‌ಗೆ ಇನ್ನೂ ಸುಲಭದ ದಾರಿ ನಿಮ್ಮ ಒಲೆಯ ಮೇಲೇ ಇದೆ. ಅನ್ನ ಬೇಳೆಗೆ ಕುಕ್ಕರ್ ಇಡುತ್ತೀರಲ್ಲ, ಅದರಲ್ಲೇ ಇನ್ನೊಂದು ಪಾತ್ರೆ ಕೂರಿಸಿ. ಒಂದು ಅಳತೆ ಓಟ್ಸ್‌ಗೆ ಮೂರು ಅಳತೆ ನೀರು. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ನೊರೆ ಬರುತ್ತದೆ. ಬೇಳೆಗೆ ಎಷ್ಟು ಕೂಗೋ ಇದಕ್ಕೂ ಅಷ್ಟೇ. ಆವಿ ತಾನಾಗಿ ಇಳಿಯಲಿ. ಉಳಿದಿದ್ದನ್ನು ಆರಿಸಿ ಫ್ರಿಜ್‌ನಲ್ಲಿಟ್ಟರೆ ಮಾರನೆಯ ದಿನ ಬಿಸಿನೀರು ಹಾಕಿ ಒಂದು ಕುದಿ ಕುದಿಸಿ ತಿನ್ನಬಹುದು.

ಬೆಲ್ಲದಲ್ಲಿ ಸ್ವಲ್ಪ ಹುಳಿ ಗುಣ ಇರುತ್ತದೆ. ಕುದಿಯೋ ಹಾಲಿಗೆ ಅದು ಬಿದ್ದರೆ ಹಾಲು ಒಡೆಯುತ್ತದೆ. ಓಟ್ಸನ್ನು ನೀರಿನಲ್ಲೇ ಬೇಯಿಸಿ ಇಳಿಸಿ. ಬೆಲ್ಲವನ್ನು ಬೇರೆ ಕರಗಿಸಿ ಸೋಸಿ ಅದಕ್ಕೆ ಹಾಕಿ. ಬಿಸಿ ಸ್ವಲ್ಪ ಇಳಿದಮೇಲೆ ಕೊನೆಗೆ ಕಾಯಿಸಿ ಆರಿಸಿದ ಹಾಲು. ಮತ್ತೆ ಒಲೆ ಮೇಲೆ ಇಡಬೇಡಿ. ಏಲಕ್ಕಿ ಬಾಳೆಹಣ್ಣು ಚೆನ್ನಾಗಿ ಹಣ್ಣಾಗಿದ್ದರೆ ಅದನ್ನೇ ಹಿಸುಕಿ ಹಾಕಿ, ಬೆಲ್ಲವೇ ಬೇಕಾಗೋದಿಲ್ಲ. ಅಪ್ಪಾಜಿಗೆ ಶುಗರ್ ಇದ್ದರೆ ಬೆಲ್ಲವೂ ಸಕ್ಕರೆಯೇ ಅಂತ ನೆನಪಿರಲಿ.

ಫ್ಲಾಸ್ಕ್ ತೊಳೆಯೋ ಕೆಲಸ ಸಂಜೆಗೆ ಉಳಿಯಬಾರದು. ಅಪ್ಪಾಜಿ ಬಡಿಸಿಕೊಂಡ ಕೂಡಲೇ ಅದಕ್ಕೆ ತುಂಬ ತಣ್ಣೀರು ಹಾಕಿ ಬಿಡಲಿ, ಅಷ್ಟು ಮಾಡಿದರೆ ಸಾಕು. ಒಣಗದಿದ್ದರೆ ಓಟ್ಸ್ ಅಂಟೋದಿಲ್ಲ, ಸಂಜೆ ನೀವು ಬ್ರಷ್ ಒಂದು ಸುತ್ತು ಆಡಿಸಿದರೆ ಬಿಟ್ಟುಕೊಳ್ಳುತ್ತದೆ. ಬಿರಡೆಯ ರಬ್ಬರ್ ರಿಂಗ್ ತೆಗೆದು ಅದರ ಕೆಳಗೂ ತೊಳೆಯಿರಿ, ವಾಸನೆ ಕೂರೋದು ಅಲ್ಲೇ. ತೊಳೆದಮೇಲೆ ಬಿರಡೆ ಹಾಕಿಡಬೇಡಿ. ರಾತ್ರಿಯಿಡೀ ಬಾಯಿ ತೆರೆದು ಬೋರಲು ಹಾಕಿಡಿ.